ಚಿಕ್ಕಬಳ್ಳಾಪುರದ ಸೋಲಾರ್ ಅಂಗಡಿ: ನಾನು ಕೇಳಿದ್ದಕ್ಕಿಂತ ಕಮ್ಮಿ ಮಾರಿ ಕಳಿಸಿದ್ರು

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ಮನೆಗೆ ಅಂಟ್ಕೊಂಡೇ ರೇಷ್ಮೆ ಹುಳು ಮನೆ ಇದೆ. ಹುಳು ಸಾಕಿದೋರಿಗೆ ಗೊತ್ತಿರುತ್ತೆ, ನಾಲ್ಕನೇ ಜ್ವರ ಎದ್ದ ಮೇಲೆ, ಅಂದ್ರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಹುಳು ತಿನ್ನೋದು ನೋಡಿದ್ರೆ ಭಯ ಆಗುತ್ತೆ, ಒಂದು ಬೆಳೇಲಿ ಹುಳು ತಿನ್ನೋ ಸೊಪ್ಪಲ್ಲಿ ನೂರಕ್ಕೆ ಹೆಚ್ಚುಕಮ್ಮಿ 80 ಭಾಗ ಆ ಕೊನೆ ಒಂದು ವಾರದಲ್ಲೇ ಖಾಲಿ ಆಗುತ್ತೆ. ರಾತ್ರಿ ಹತ್ತಕ್ಕೆ ಒಂದ್ಸಲ, ಬೆಳಗಿನ ಜಾವ ಒಂದ್ಸಲ ಸೊಪ್ಪು ಹಾಕ್ಲೇಬೇಕು, ಕರೆಂಟ್ ಇರ್ಲಿ ಬಿಡ್ಲಿ ಹುಳು ಕಾಯಲ್ಲ. ನಮ್ಮಮ್ಮ ಎಷ್ಟೋ ವರ್ಷ ಮೊಬೈಲ್ ಟಾರ್ಚನ್ನ ಬಾಯಲ್ಲಿ ಕಚ್ಕೊಂಡು ಎರಡೂ ಕೈಯಲ್ಲಿ ಕಡ್ಡಿ ಸೊಪ್ಪು ಹರಡಿರೋದನ್ನ ನಾನೇ ನೋಡಿದೀನಿ. ಅಷ್ಟು ಬೆಳಕಲ್ಲಿ ಹಾಲುತೊಂಡೆ ರೋಗ ಬಂದಿರೋ ಹುಳ ಕಾಣಲ್ಲ, ಅದನ್ನ ಕಂಡ ತಕ್ಷಣ ಆರಿಸಿ ತೆಗೀದಿದ್ರೆ ಪಕ್ಕದ ಹುಳಕ್ಕೂ ಹತ್ತುತ್ತೆ. ಸೋಲಾರ್ ಹಾಕ್ಬೇಕು ಅಂತ ನಾನು ಹಠ ಹಿಡಿದಿದ್ದು ಇದಕ್ಕೇ. ಬಿಲ್ಲಿನ ವಿಷಯ ಅಲ್ಲ, ಗೃಹಜ್ಯೋತಿ ಬಂದ್ಮೇಲೆ 200 ಯೂನಿಟ್ ಒಳಗಿನ ನಮ್ಮಂಥ ಮನೆಗೆ ಬಿಲ್ಲೇ ಇಲ್ಲ, ನಮಗೆ ಬೇಕಾಗಿದ್ದು ಬೆಸ್ಕಾಂ ಕರೆಂಟ್ ಹೋದಾಗ ಬೆಳಕು.

ಈ ಅಂಗಡಿ ಬಗ್ಗೆ ಹೇಳೋ ಮುಂಚೆ ಮೊದಲು ಮೋಸ ಹೋಗಿದ್ದು ಹೇಳ್ಬೇಕು, ಇಲ್ಲಾಂದ್ರೆ ಈ ಅಂಗಡಿ ಅಣ್ಣ ಮಾಡಿದ ಕೆಲಸದ ಬೆಲೆ ಗೊತ್ತಾಗಲ್ಲ. ಬೇರೆ ಕಡೆ ಒಬ್ರ ಹತ್ರ 'ಪ್ಯಾಕೇಜ್' ಅಂತ 19,500 ಕೊಟ್ಟು ಹಾಕಿಸ್ಕೊಂಡಿದ್ದೆ. 100 ವ್ಯಾಟ್ ಪ್ಯಾನಲ್ಲು, ಒಂದು ಬ್ಯಾಟರಿ, ಒಂದು ಚಿಕ್ಕ ಇನ್ವರ್ಟರು. ಟಿವಿ ನಡೆಯುತ್ತೆ, ಫ್ಯಾನ್ ನಡೆಯುತ್ತೆ, ಲೈಟ್ ಎಲ್ಲಾ ನಡೆಯುತ್ತೆ ಅಂದ್ರು. ಮೊದಲ ಎರಡು ತಿಂಗಳು ನಡೀತು. ಆಮೇಲೆ ರಾತ್ರಿ ಎಂಟಕ್ಕೆ ಹಾಕಿದ್ರೆ ಒಂಬತ್ತೂವರೆಗೆ ಕೀ ಅಂತ ಕೂಗೋಕೆ ಶುರು ಮಾಡೋದು, ಹತ್ತು ಗಂಟೆ ಸೊಪ್ಪಿಗೆ ಮತ್ತೆ ಟಾರ್ಚೇ ಗತಿ. 11 ತಿಂಗಳಿಗೆ ಬ್ಯಾಟರಿ ಸತ್ತೇ ಹೋಯ್ತು. ಅವರಿಗೆ ಫೋನ್ ಮಾಡಿದ್ರೆ ಬಿಸಿಲು ಸಾಲ್ತಿಲ್ಲ ಅಂದ್ರು. ಮಾರ್ಚ್ ಏಪ್ರಿಲಲ್ಲಿ ನಮ್ಮ ಕಡೆ ಬಿಸಿಲು ಸಾಲಲ್ವಾ, ನೀವೇ ಹೇಳಿ.

ನಮ್ಮ ಬೋರಿನ ಮೋಟಾರ್ ಸುಟ್ಟಾಗ ವೈಂಡಿಂಗಿಗೆ ಅಂತ ಚಿಕ್ಕಬಳ್ಳಾಪುರದ ಈ ಅಂಗಡಿಗೆ ಹೋಗಿದ್ದು. ಹೊರಗಿಂದ ನೋಡಿದ್ರೆ ಸೋಲಾರ್ ಅಂಗಡಿ ಅನ್ಸಲ್ಲ, ಮುಂದೆ ಬಿಚ್ಚಿಟ್ಟ ಸಬ್‌ಮರ್ಸಿಬಲ್ ಮೋಟಾರು, ತಾಮ್ರದ ತಂತಿ ಸುರುಳಿ, ವಾರ್ನಿಷ್ ವಾಸನೆ. ಒಳಗಡೆ ಗೋಡೆಗೆ ನಾಲ್ಕು ಪ್ಯಾನಲ್ ಒರಗ್ಸಿರ್ತಾರೆ ಅಷ್ಟೆ. ಅಣ್ಣ ಮೊದಲಿಂದ ವೈಂಡಿಂಗ್ ಕೆಲಸದೋರು, ಆಮೇಲೆ ಸೋಲಾರ್ ಕಲ್ತಿದ್ದು, ಬಂದೋರ ಜೊತೆ ತೆಲುಗು ಕನ್ನಡ ಎರಡೂ ಕಲ್ಸಿ ಮಾತಾಡ್ತಾರೆ. ಮೋಟಾರ್ ಕೊಟ್ಟು ಹೊರಡೋವಾಗ ಕೇಳ್ದೆ, ಅಣ್ಣ ನನಗೆ 1 ಕಿಲೋವ್ಯಾಟ್ ಪ್ಯಾನಲ್ಲು, ದೊಡ್ಡ ಇನ್ವರ್ಟರ್, ಎರಡು 150 ಆಂಪ್ ಅವರ್ ಬ್ಯಾಟರಿ ಎಷ್ಟಾಗುತ್ತೆ ಅಂತ. ಹಳೇದು ಸಾಲ್ಲಿಲ್ಲ ಅಂತ ಈ ಸಲ ದೊಡ್ಡದೇ ಹಾಕಿಸ್ಬಿಡೋಣ ಅಂತಿದ್ದೆ, ಅದಕ್ಕೆ ಚಿನ್ನ ಇಡೋಕೂ ಮನೇಲಿ ಮಾತಾಡಿದ್ವಿ. ಅವರು ರೇಟ್ ಹೇಳ್ಲಿಲ್ಲ. 'ಏನೇನು ಉರಿಸ್ಬೇಕು ಹೇಳು ಮೊದ್ಲು' ಅಂದು ಮೋಟಾರ್ ಬಿಲ್ಲಿನ ಹಿಂದೇನೇ ಬರ್ಕೊಳ್ಳೋಕೆ ಶುರು ಮಾಡಿದ್ರು.

ಆ ಚೀಟಿ ಇನ್ನೂ ನನ್ನ ಹತ್ರ ಇದೆ. ಹುಳು ಮನೆಗೆ 9 ವ್ಯಾಟಿನ ಮೂರು ಬಲ್ಬು, ಮೂರು ಗಂಟೆ, ಗುಣಿಸಿದ್ರೆ 81 ವ್ಯಾಟ್ ಅವರ್. ಮನೆಗೆ 7 ವ್ಯಾಟಿನ ಮೂರು, ನಾಲ್ಕು ಗಂಟೆ, 84. ಅಪ್ಪ ಮಲಗೋ ಕಡೆ ಒಂದು 12 ವೋಲ್ಟ್ ಫ್ಯಾನು 25 ವ್ಯಾಟಿಂದು, ಎಂಟು ಗಂಟೆ, 200. ತಂಗಿ ಓದೋಕೆ ವೈಫೈ ಡಬ್ಬಿ 60, ಮೂರು ಮೊಬೈಲಿಗೆ 45. ಒಟ್ಟು 470 ವ್ಯಾಟ್ ಅವರ್, 1,000 ಆದ್ರೆ ಒಂದು ಯೂನಿಟ್ಟು, ಅಂದ್ರೆ ಅರ್ಧ ಯೂನಿಟ್ಟೂ ಇಲ್ಲ. 'ಅರ್ಧ ಯೂನಿಟ್ಗೆ ಯಾಕಪ್ಪ ಚಿನ್ನ ಇಡ್ತೀಯ' ಅಂದ್ರು. ಸಾಮಾನ್ಯ ಫ್ಯಾನಾದ್ರೆ 75 ವ್ಯಾಟ್ ಎಳೆಯುತ್ತೆ, ಅದೊಂದೇ 600 ಆಗ್ತಿತ್ತು, ಅದಕ್ಕೇ ಫ್ಯಾನ್ ಮಾತ್ರ ಬದಲಾಯ್ಸು ಅಂದ್ರು. ಟಿವಿ ಬೆಸ್ಕಾಂ ಮೇಲೇ ಇರ್ಲಿ, ಕರೆಂಟ್ ಹೋದ್ರೆ ಸೀರಿಯಲ್ ನಾಳೆ ನೋಡ್ಲಿ, ಹುಳು ನಾಳೆ ತಿನ್ನಲ್ಲ ಅಂದ್ರು. ಅಮ್ಮಂಗೆ ಈ ಮಾತು ಬಹಳ ಹಿಡಿಸ್ತು.

ಆಮೇಲೆ ಮನೆಗೇ ಬಂದು ಹಳೇ ಸಿಸ್ಟಮ್ ನೋಡಿದ್ರು, ಬಂದಿದ್ದಕ್ಕೆ ದುಡ್ಡು ತಗೊಳ್ಲಿಲ್ಲ. ನನಗೆ ಇಡೀ ವಿಷಯ ಅರ್ಥ ಆಗಿದ್ದು ಆವತ್ತೇ. ಎಲ್ಲಾ ಬಲ್ಬು ಆಫ್ ಮಾಡಿಸಿ ಇನ್ವರ್ಟರ್ ಮಾತ್ರ ಆನ್ ಇಟ್ಟು, ಬ್ಯಾಟರಿ ವೈರಿಗೆ ಮೀಟರ್ ಹಾಕಿ ನನ್ನ ಕೈಗೇ ಕೊಟ್ರು. 1 ಆಂಪ್ ತೋರಿಸ್ತಿತ್ತು. ಒಂದು ಬಲ್ಬೂ ಉರೀತಿಲ್ಲ, ಸುಮ್ನೆ ಆನ್ ಇರೋದಕ್ಕೇ 1 ಆಂಪು. ದಿನಕ್ಕೆ 24 ಗಂಟೆ, 24 ಆಂಪ್ ಅವರ್. ನಿನ್ನ 100 ವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಲ್ಲಿ ಐದೂವರೆ ಆಂಪ್ ಕೊಡುತ್ತೆ, ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲು ಅಂತ ಹಿಡಿ, ಎಷ್ಟಾಯ್ತು ಅಂತ ಕೇಳಿದ್ರು. 27. ಪ್ಯಾನಲ್ ದುಡಿದ 27ರಲ್ಲಿ 24 ಇನ್ವರ್ಟರೇ ತಿಂದ್ಬಿಡ್ತಿತ್ತು, ನಾವು 11 ತಿಂಗಳು ಬಿಸಿಲನ್ನ ಬೈಕೊಂಡು ಕೂತಿದ್ವಿ.

ಇನ್ನೊಂದು ವೈರಿಂದು. ತಾರಸಿ ಮೇಲಿನ ಪ್ಯಾನಲ್ಲಿಂದ ಹಿಂದಿನ ಕೋಣೆಲಿದ್ದ ಬ್ಯಾಟರಿಗೆ 15 ಮೀಟರ್ ಉದ್ದ, ಮನೆ ವೈರಿಂಗಲ್ಲಿ ಲೈಟಿಗೆ ಹಾಕೋ 1 ಎಂಎಂ ವೈರ್ ಎಳ್ದಿದ್ರು. ಮೇಲೆ ಪ್ಯಾನಲ್ ಡಬ್ಬಿ ಹತ್ರ ಮೀಟರ್ ಇಟ್ರೆ 16 ವೋಲ್ಟ್ ಚಿಲ್ಲರೆ, ಕೆಳಗೆ ಚಾರ್ಜ್ ಕಂಟ್ರೋಲರ್ (ಪ್ಯಾನಲ್ ಕರೆಂಟನ್ನ ಬ್ಯಾಟರಿಗೆ ಹದವಾಗಿ ಬಿಡೋ ಡಬ್ಬಿ) ಹತ್ರ 13 ಚಿಲ್ಲರೆ. 3 ವೋಲ್ಟ್ ವೈರಲ್ಲೇ ಹೋಗ್ತಿತ್ತು, ಕೈ ಇಟ್ಟು ನೋಡಿದ್ರೆ ವೈರ್ ಬೆಚ್ಚಗಿತ್ತು. ಅಸಲು ನಷ್ಟ ಎಲ್ಲಿ ಅಂದ್ರೆ, ಬ್ಯಾಟರಿ ಪೂರ್ತಿ ತುಂಬೋಕೆ 14.4 ವೋಲ್ಟ್ ತನಕ ಏರ್ಬೇಕು, ಪ್ಯಾನಲ್ ಬಿಸಿಲಿಗೆ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತೆ. ಪ್ಯಾನಲ್ ಹಿಂದೆ 18 ಅಂತ ಬರ್ದಿರೋದು 25 ಡಿಗ್ರಿ ಲೆಕ್ಕಕ್ಕೆ, ಮಧ್ಯಾಹ್ನ ತಾರಸಿ ಮೇಲೆ 16ಕ್ಕೆ ಬಂದಿರುತ್ತೆ, ಅದರಲ್ಲೂ ವೈರು 3 ನುಂಗಿದ್ರೆ 14.4 ಎಲ್ಲಿಂದ ಬರ್ಬೇಕು. ಹಿಂಗಾಗಿ ಬ್ಯಾಟರಿ ಒಂದು ದಿನಾನೂ ಪೂರ್ತಿ ತುಂಬಿರ್ಲಿಲ್ಲ, ದಿನಾ ಪೂರ್ತಿ ಖಾಲಿ ಮಾತ್ರ ಆಗಿತ್ತು. ಸಾಲದ್ದಕ್ಕೆ ಅದು ವಾಹನಕ್ಕೆ ಹಾಕೋ ಬ್ಯಾಟರಿ. ಗಾಡಿ ಸ್ಟಾರ್ಟ್ ಮಾಡೋಕೆ ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡ್ಲಿ ಅಂತ ಅದರೊಳಗೆ ತೆಳು ಪ್ಲೇಟ್ ಇರುತ್ತೆ, ರಾತ್ರಿಯಿಡೀ ನಿಧಾನಕ್ಕೆ ಖಾಲಿ ಮಾಡಿ ಮತ್ತೆ ತುಂಬ್ಸೋ ಕೆಲಸಕ್ಕೆ ತಡೆಯಲ್ಲ, ಅದಕ್ಕೆ ಒಳಗೆ ದಪ್ಪ ಕೊಳವೆ ತರ ಪ್ಲೇಟ್ ಇರೋ ಟ್ಯೂಬುಲರ್ ಬ್ಯಾಟರಿನೇ ಬೇಕು.

ಇಷ್ಟೆಲ್ಲಾ ನೋಡಿದ್ಮೇಲೆ ಎಲ್ಲಾ ಕಿತ್ತು ಹೊಸದು ಹಾಕ್ಬೇಕು ಅಂತಾರೆ ಅನ್ಕೊಂಡಿದ್ದೆ. ಇಲ್ಲ. ಪ್ಯಾನಲ್ ಚೆನ್ನಾಗೈತೆ, ಯಾಕೆ ಬಿಸಾಕ್ತೀಯ, ಹಳೇದು ಹೊಸದು ಎರಡರಲ್ಲೂ 36 ಸೆಲ್ಲೇ (ಪ್ಯಾನಲ್ಲಿನ ಒಂದೊಂದು ಚೌಕ) ಇರೋದು, ವೋಲ್ಟೇಜ್ ಒಂದೇ, ಪಕ್ಕದಲ್ಲಿ ಇನ್ನೊಂದಿಟ್ಟು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಪ್ಯಾರಲಲ್ ಮಾಡಿದ್ರೆ ಆಯ್ತು ಅಂದ್ರು. ಇನ್ವರ್ಟರೇ ಬೇಡ ಅಂದ್ರು, ಎಲ್ಲಾ 12 ವೋಲ್ಟ್ ಡಿಸಿ ಮೇಲೆ ನೇರ ನಡೀಲಿ, ಬ್ಯಾಟರಿಲಿರೋ ಡಿಸಿನ ಮನೆ ಲೈನಿನ ತರ ಎಸಿ ಮಾಡಿ ಬಲ್ಬೊಳಗೆ ಮತ್ತೆ ಡಿಸಿ ಮಾಡೋದ್ಯಾಕೆ ಅಂತ. ಕಡೆಗೆ ತಗೊಂಡಿದ್ದು ಇಷ್ಟು: 165 ವ್ಯಾಟ್ ಪ್ಯಾನಲ್ ಒಂದು 6,300, 100 ಆಂಪ್ ಅವರ್ ಟ್ಯೂಬುಲರ್ ಬ್ಯಾಟರಿ 11,200, 20 ಆಂಪ್ ಚಾರ್ಜ್ ಕಂಟ್ರೋಲರ್ 1,150, ವೈರ್ ಎಲ್ಲಾ ಸೇರಿ 1,600, ಡಿಸಿ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್) ಫ್ಯೂಸ್ ಡಬ್ಬಿ 900, ಸ್ಟ್ಯಾಂಡ್ 1,400, ಆರು ಬಲ್ಬ್ 780, ಫ್ಯಾನ್ 2,100, ಕೂಲಿ 1,000. ಒಟ್ಟು 26,430, ಸತ್ತ ಬ್ಯಾಟರಿ ಗುಜರಿಗೆ ಅಂತ 1,800 ಕಳೆದು 24,630 ಕೊಟ್ಟೆ. ವೈಫೈಗೆ ಒಂದು ಚಿಕ್ಕ ಕನ್ವರ್ಟರ್ ಹಂಗೇ ಹಾಕ್ಕೊಟ್ರು. ಚಿನ್ನ ಮನೇಲೇ ಇದೆ.

ಲಿಥಿಯಂ ಬ್ಯಾಟರಿ ಬಗ್ಗೇನೂ ಕೇಳ್ದೆ, ಈಗ ಎಲ್ಲರೂ ಅದೇ ಹೇಳ್ತಾರಲ್ಲ. ಅದು ಒಳ್ಳೇದೇ, ಬಹುತೇಕ ಪೂರ್ತಿ ಖಾಲಿ ಮಾಡಿದ್ರೂ ತಡ್ಕೊಳ್ಳುತ್ತೆ, ವರ್ಷ ಜಾಸ್ತಿ ಬರುತ್ತೆ, ನೀರು ಹಾಕೋ ಕೆಲಸ ಇಲ್ಲ, ಆದ್ರೆ ಹೆಚ್ಚುಕಮ್ಮಿ ಎರಡರಷ್ಟು ದುಡ್ಡು, ಕಂಟ್ರೋಲರಲ್ಲೂ ಲಿಥಿಯಂ ಸೆಟ್ಟಿಂಗ್ ಇರ್ಬೇಕು ಅಂದ್ರು. ಆ ದುಡ್ಡು ನನ್ನ ಹತ್ರ ಇರ್ಲಿಲ್ಲ. ಟ್ಯೂಬುಲರಿನ 1,200 ವ್ಯಾಟ್ ಅವರಲ್ಲಿ ಅರ್ಧ ಮಾತ್ರ ಬಳಸು, ನಿನಗೆ ಬೇಕಾಗಿರೋದು 470, ಅಷ್ಟರೊಳಗೇ ಮುಗಿಯುತ್ತೆ, ಬ್ಯಾಟರಿ ಉಳಿಯುತ್ತೆ ಅಂತ ಹೇಳಿದ್ರು. ಬೆಳಗ್ಗೆ ಬಿಸಿಲು ಬರೋ ಮುಂಚೆ ಎಲ್ಲಾ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿ, 12.2ಕ್ಕಿಂತ ಕೆಳಗೆ ಹೋಗಿದ್ರೆ ಅವತ್ತು ರಾತ್ರಿ ಫ್ಯಾನ್ ಹಾಕ್ಬೇಡ ಅಂತ. 250 ರೂಪಾಯಿ ಮೀಟರ್ ಒಂದು ತಗೊಂಡೆ, ಈಗ ನಮ್ಮಪ್ಪ ದಿನಾ ಬೆಳಗ್ಗೆ ಕಾಫಿ ಮುಂಚೆ ಅದನ್ನ ಹಿಡಿದು ಕ್ಯಾಲೆಂಡರಲ್ಲಿ ಬರ್ದಿಡ್ತಾರೆ.

ಕೂರಿಸೋ ದಿನ ಕಲ್ತಿದ್ದು ಒಂದೆರಡು ಹೇಳ್ತೀನಿ. ಬ್ಯಾಟರಿನ ಹಿಂದಿನ ಕೋಣೆಯಿಂದ ತಂದು ಮೆಟ್ಟಿಲ ಕೆಳಗೆ ಗಾಳಿ ಆಡೋ ಜಾಗದಲ್ಲಿಟ್ರು, 15 ಮೀಟರ್ ಇದ್ದ ದಾರಿ 6 ಆಯ್ತು, 6 ಎಂಎಂ ವೈರ್ ಹಾಕಿದ್ರು, ಈಗ ಎರಡು ಪ್ಯಾನಲ್ ಕರೆಂಟ್ ಒಟ್ಟಿಗೆ ಬಂದ್ರೂ ವೈರಲ್ಲಿ ಹೋಗೋದು ಅರ್ಧ ವೋಲ್ಟ್. ನಾನು ಹುಳು ಮನೇಲೇ ಇಡಿ ಹತ್ರ ಆಗುತ್ತೆ ಅಂದಿದ್ದೆ, ಒಪ್ಪಲೇ ಇಲ್ಲ, ಚಾರ್ಜ್ ಆಗೋವಾಗ ಬ್ಯಾಟರಿಯಿಂದ ಗ್ಯಾಸು, ಆಸಿಡ್ ಹಬೆ ಬರುತ್ತೆ, ಮುಚ್ಚಿದ ಜಾಗದಲ್ಲಿ ಮನುಷ್ಯರಿಗೇ ಒಳ್ಳೇದಲ್ಲ, ಹುಳು ಹತ್ರ ಇಡ್ತೀಯಾ ಅಂತ ಸ್ವಲ್ಪ ಗದರಿದ್ರು. ಕಂಟ್ರೋಲರಿಗೆ ಮೊದಲು ಬ್ಯಾಟರಿ ವೈರ್, ಆಮೇಲೆ ಪ್ಯಾನಲ್ ವೈರ್, ಬಿಚ್ಚೋವಾಗ ಮೊದಲು ಪ್ಯಾನಲ್, ಇದನ್ನ ನನ್ನ ಕೈಲಿ ಎರಡು ಸಲ ಮಾಡಿಸಿದ್ರು. ಹಳೇ ಸಿಸ್ಟಮಲ್ಲಿ ಇದ್ದಿದ್ದು ಮನೆಗೆ ಹಾಕೋ ಎಸಿ ಎಂಸಿಬಿ, ಅದನ್ನ ಕಿತ್ತು ಹಾಕಿದ್ರು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಅದಕ್ಕೇ ಸ್ವಿಚ್ ಬಿಟ್ಟಾಗ ಬರೋ ಕಿಡಿ ತಾನಾಗೇ ಆರುತ್ತೆ, ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಹಂಗೇ ಎಳ್ಕೊಂಡು ಉರಿಯುತ್ತೆ, ಅದಕ್ಕೆ ಡಿಸಿದೇ ಬೇರೆ ಬೇಕು. ಬ್ಯಾಟರಿ ಪ್ಲಸ್ಸಿಗೆ ಅಂಟ್ಕೊಂಡ ಹಾಗೇ ಒಂದು ಫ್ಯೂಸು. ಈ ಫ್ಯೂಸ್ ಇಲ್ದೆ ನಾವು 11 ತಿಂಗಳು ಹಳೇ ಬ್ಯಾಟರಿ ಇದ್ದ ಕೋಣೇಲೇ ಮಲಗಿದ್ವಿ ಅಂತ ನೆನೆಸ್ಕೊಂಡ್ರೆ ಈಗ ಎದೆ ಝಲ್ ಅನ್ನುತ್ತೆ.

ನೆರಳಿನ ವಿಷಯ ಮಾತ್ರ ಎಲ್ಲರಿಗೂ ತೋರಿಸ್ಬೇಕು ಅನ್ಸುತ್ತೆ. ತಾರಸಿ ಪಡುವಣ ಮೂಲೇಲಿ ನಮ್ಮ ತೆಂಗಿನ ಮರ ಇದೆ, ಮಧ್ಯಾಹ್ನ ಮೂರರ ಮೇಲೆ ಒಂದು ಗರಿ ನೆರಳು ಹಳೇ ಪ್ಯಾನಲ್ ಮೇಲೆ ಬೀಳ್ತಿತ್ತು, ಒಂದು ಗರಿ ತಾನೇ ಅಂತ ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಅಣ್ಣ ಹೊಸ ಪ್ಯಾನಲ್ ಬಿಸಿಲಿಗಿಟ್ಟು ಮೀಟರ್ ಹಾಕಿದ್ರು, 7.8 ಆಂಪ್. ಆಮೇಲೆ ಬರೀ ಅಂಗೈ ಒಂದು ಸೆಲ್ ಮೇಲೆ ಇಟ್ರು. ಅಷ್ಟು ದೊಡ್ಡ ಪ್ಯಾನಲಲ್ಲಿ ಒಂದು ಅಂಗೈ. 3.6ಕ್ಕೆ ಬಂತು. ಕೈ ತೆಗೆದ್ರೆ ಮತ್ತೆ 7.8. 36 ಸೆಲ್ಲೂ ಒಂದರ ಹಿಂದೆ ಒಂದು ಸರಪಳಿ ತರ ಸೇರಿಸಿರ್ತಾರೆ, ಒಂದು ಸೆಲ್ ಎಷ್ಟು ಬಿಡುತ್ತೋ ಅಷ್ಟೇ ಎಲ್ಲದರಿಂದ ಬರೋದು, ಕಾಲುವೇಲಿ ಒಂದು ಕಡೆ ಮಣ್ಣು ಕುಸಿದ್ರೆ ಮುಂದೆಲ್ಲಾ ನೀರು ಕಮ್ಮಿ ಆದಂಗೆ. ಎರಡೂ ಪ್ಯಾನಲನ್ನ ಮೂಡಣ ಕಡೆಗೆ ಸರಿಸಿ, ತೆಂಕಣ ಮುಖ ಮಾಡಿ, 15 ಡಿಗ್ರಿ ಆಸುಪಾಸು ಓರೆ ಕೂರಿಸಿದ್ರು, ನಮ್ಮ ಕಡೆ ಅಕ್ಷಾಂಶ 13 ಚಿಲ್ಲರೆ ಇರೋದ್ರಿಂದ ಅಷ್ಟು ಸಾಕು, ಮಳೆ ಬಂದಾಗ ಧೂಳೂ ಜಾರಿ ಹೋಗುತ್ತೆ ಅಂತ. ನಮ್ಮ ಸುತ್ತಮುತ್ತ ಜಲ್ಲಿ ಕ್ರಷರ್ ಧೂಳು ಇರೋರಿಗೆ ಗೊತ್ತು, ಬೇಸಿಗೇಲಿ ಹತ್ತು ದಿನಕ್ಕೇ ಪ್ಯಾನಲ್ ಮೇಲೆ ಬೆರಳಲ್ಲಿ ಬರೀಬಹುದು. ವಾರಕ್ಕೊಂದ್ಸಲ ಬೆಳಗ್ಗೆ ತಂಪಲ್ಲಿ ನೀರು ಹಾಕಿ ಬಟ್ಟೇಲಿ ಒರೆಸ್ತೀವಿ, ಕಾದ ಗಾಜಿಗೆ ತಣ್ಣೀರು ಹಾಕಲ್ಲ.

ಈಗ 14 ತಿಂಗಳಾಯ್ತು. ಹತ್ತು ಗಂಟೆ ಸೊಪ್ಪಿಗೆ ಒಂದು ದಿನಾನೂ ಕತ್ತಲೆ ಆಗಿಲ್ಲ. ಡಿಸೆಂಬರಲ್ಲಿ ನಂದಿ ಬೆಟ್ಟದ ಕಡೆಯಿಂದ ಮಂಜು ಮುಚ್ಕೊಂಡು ಮೋಡನೂ ಹಿಡಿದು ನಾಲ್ಕು ದಿನ ಸೂರ್ಯನೇ ಕಾಣ್ಲಿಲ್ಲ, ಮೂರನೇ ದಿನ ಬೆಳಗ್ಗೆ 12.1 ತೋರಿಸ್ತು, ಫ್ಯಾನು ವೈಫೈ ನಿಲ್ಲಿಸಿ ಬಲ್ಬ್ ಮಾತ್ರ ಇಟ್ಕೊಂಡ್ವಿ, ಚಳಿಗೆ ಫ್ಯಾನ್ ಯಾರಿಗೂ ಬೇಕಿರ್ಲಿಲ್ಲ, ನಡೆದು ಹೋಯ್ತು. ಬ್ಯಾಟರಿಗೆ ಇಲ್ಲಿ ತನಕ ಮೂರು ಸಲ ಡಿಸ್ಟಿಲ್ಡ್ ವಾಟರ್ ಹಾಕಿದೀನಿ, ಬೋರ್ ನೀರು ಯಾವತ್ತೂ ಹಾಕ್ಬೇಡಿ, ಆಸಿಡ್ ಅಂತೂ ಬೇಡವೇ ಬೇಡ. ಹೋದ ಬೆಳೇಲಿ ಅಮ್ಮ ರಾತ್ರಿ ಸೊಪ್ಪು ಹಾಕೋವಾಗ್ಲೇ ಮೂಲೆ ರ‍್ಯಾಕಲ್ಲಿ ಹೊಳೀತಾ ಊದ್ಕೊಂಡಿದ್ದ ಐದಾರು ಹುಳ ಕಂಡು ಆರಿಸಿ ತೆಗೆದ್ರು, ಬೆಳಗಾಗೋ ತನಕ ಬಿಟ್ಟಿದ್ರೆ ಆ ರ‍್ಯಾಕ್ ಗತಿ ಏನಾಗ್ತಿತ್ತೋ.

ಅಂಗಡಿದು ಸರಿ ಇಲ್ದೇ ಇರೋದೂ ಹೇಳ್ಬೇಕು. ಗುರುವಾರ ಬರ್ತೀನಿ ಅಂದೋರು ಬಂದಿದ್ದು ಸೋಮವಾರ, ಅಷ್ಟರಲ್ಲಿ ನಮ್ಮ ಹುಳು ನಾಲ್ಕನೇ ಜ್ವರ ಎದ್ದಾಗಿತ್ತು, ಆ ನಾಲ್ಕು ರಾತ್ರಿ ಬಹಳ ಕಷ್ಟ ಆಯ್ತು, ಒಂದು ಫೋನ್ ಮಾಡಿ ಹೇಳಿದ್ರೂ ಬೇರೆ ವ್ಯವಸ್ಥೆ ಮಾಡ್ಕೋತಿದ್ವಿ. ಸ್ಟ್ಯಾಂಡಿಗೆ ಸಾದಾ ಕಬ್ಬಿಣದ ಆಂಗಲಿಗೆ ಬಣ್ಣ ಹೊಡೆದು ಕೊಟ್ಟಿದ್ದು, ಮೊದಲ ಮಳೆಗಾಲಕ್ಕೇ ವೆಲ್ಡಿಂಗ್ ಜಾಗದಲ್ಲಿ ತುಕ್ಕು ಬಂತು, 1,400ಕ್ಕೆ ತುಕ್ಕು ಹಿಡೀದಂಗೆ ಸತು ಲೇಪಿಸಿದ ಜಿಐದು ಕೊಡ್ಬಹುದಿತ್ತು, ನಾನೇ ಆಮೇಲೆ ಉಜ್ಜಿ ಪ್ರೈಮರ್ ಹೊಡೆದೆ. ಬ್ಯಾಟರಿ ವಾರಂಟಿ ಕಾರ್ಡಿಗೆ ಸೀಲು ತಾರೀಖು ನಾನು ಕೇಳಿದ್ಮೇಲೇ ಹಾಕಿದ್ದು, ಕೇಳ್ದೇ ಇರೋರು ಹಂಗೇ ತಗೊಂಡು ಹೋಗಿರ್ತಾರೆ, ಇದು ದೊಡ್ಡ ತಪ್ಪು, ದಯವಿಟ್ಟು ಸರಿ ಮಾಡ್ಕೊಳ್ಳಿ ಅಣ್ಣ. ಮಧ್ಯಾಹ್ನದ ಮೇಲೆ ಫೋನ್ ಎತ್ತಲ್ಲ.

ಸಬ್ಸಿಡಿ ಸೋಲಾರ್ ಕೇಳ್ಕೊಂಡು ಹೋಗೋರಿಗೂ ಇವರು ನಿಜ ಹೇಳ್ತಾರೆ, ನಾನಿದ್ದಾಗ್ಲೇ ಚಿಂತಾಮಣಿ ಕಡೆಯೋರೊಬ್ರು ಬಂದಿದ್ರು. ಪಿಎಂ ಸೂರ್ಯ ಘರ್ ಯೋಜನೇಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000 ಸಬ್ಸಿಡಿ ಬರುತ್ತೆ, ಆದ್ರೆ ಅದು ಬೆಸ್ಕಾಂ ಲೈನಿಗೆ ಸೇರ್ಸೋ ಸಿಸ್ಟಮ್ಮು, ಲೈನ್ ಹೋದ್ರೆ ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮ್ಯಾನಿಗೆ ಶಾಕ್ ಹೊಡೀಬಾರ್ದು ಅಂತ ಅದೂ ತಾನಾಗೇ ನಿಂತು ಹೋಗುತ್ತೆ, ಬ್ಯಾಟರಿ ಇರೋ ಹೈಬ್ರಿಡ್ ಹಾಕಿಸಿದ್ರೆ ಮಾತ್ರ ಕತ್ತಲೇಲಿ ಬೆಳಕು ಅಂತ ಬಿಡಿಸಿ ಹೇಳಿದ್ರು. ಬಿಲ್ ಜಾಸ್ತಿ ಬರೋ ಮನೆಯೋರಿಗೆ ಅದೇ ಲಾಭ, ಬೇಕಾದ್ರೆ ಹಾಕಿಸ್ಕೊಳ್ಳಿ, ಆದ್ರೆ ನಾನು ಆ ಕೆಲಸ ಮಾಡಲ್ಲ ಅಂದು ಅವರನ್ನ ಹಂಗೇ ಕಳಿಸಿದ್ರು. ಬಂದ ಗಿರಾಕಿನ ಹೀಗೆ ಕಳಿಸೋ ಅಂಗಡಿ ನಾನು ಬೇರೆ ನೋಡಿಲ್ಲ.

ಐದಕ್ಕೆ ನಾಲ್ಕು ಸ್ಟಾರ್, ಆ ಒಂದು ಕಮ್ಮಿ ಮಾಡಿದ್ದು ಸ್ಟ್ಯಾಂಡಿಗೆ ಮತ್ತೆ ಆ ನಾಲ್ಕು ರಾತ್ರಿಗೆ. ಹೋಗೋರು ಮನೇಲಿ ರಾತ್ರಿ ಹೊತ್ತು ನಿಜವಾಗ್ಲೂ ಬೇಕಾಗಿರೋ ಬಲ್ಬು ಫ್ಯಾನು ಎಷ್ಟು, ಎಷ್ಟು ಗಂಟೆ ಅಂತ ಚೀಟೀಲಿ ಬರ್ಕೊಂಡು ಹೋಗಿ, ತಾರಸಿದು ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕಕ್ಕೆ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ, ನೆರಳು ನೋಡ್ದೇ ಅವರು ಪ್ಯಾನಲ್ ಕೊಡಲ್ಲ. ಬೆಳಗ್ಗೆ 11ರ ಒಳಗೆ ಹೋಗಿ, ಆಮೇಲೆ ಅಂಗಡಿ ತೆಗೆದಿದ್ರೂ ಅಣ್ಣ ಇರಲ್ಲ, ಯಾವ್ದಾದ್ರೂ ಊರಲ್ಲಿ ಬೋರಿಂದ ಮೋಟಾರ್ ಎತ್ತಿಸ್ತಾ ಇರ್ತಾರೆ.